ಅತ್ತೆ ಆಡಿದ್ದು, ನಾನು ಅನುವಾದಿಸಿದ್ದು

ನನ್ನ ಕೈಲಿ ಪಿಎಚ್‌.ಡಿ. ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಮಧುಗಿರಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ನಾಲ್ಕು ಜನರ ಮುಂದೆ, ನಾನು ತೋರಿಸಲು ತಂದಿದ್ದ ಪ್ರವೇಶದ ಅರ್ಜಿಯ ಮೇಲೆ ಟೀ ಲೋಟ ಇಟ್ಟು ಹೇಳಿದ. "ಅಂತರರಾಷ್ಟ್ರೀಯ ವ್ಯವಹಾರ ಅಂತೆ! ಲೇ, ಮಿಡಿಗೇಶಿ ಬಸ್ಸು ತಪ್ಪಿದ್ರೆ ಮನೆ ಸೇರೋಕೆ ಬರಲ್ಲ ನಿಂಗೆ, ನೀನು ಹೋಗಿ ಅಮೇರಿಕ, ರಷ್ಯಾ ಜಗಳ ಬುಡಿಸ್ತೀಯಾ?" ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಲೋಟ ಎತ್ತಿದಾಗ ಕಾಗದದ ಮೇಲೆ ದುಂಡಗೆ ಕಲೆ ಉಳಿದಿತ್ತು. ಆ ಕಾಗದವನ್ನೇ ವಿಶ್ವವಿದ್ಯಾಲಯದ ಕೌಂಟರಿಗೆ ಕೊಟ್ಟೆ. ಅಲ್ಲಿದ್ದ ಗುಮಾಸ್ತ ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ ತೆಗೆದುಕೊಂಡ.

ಎರಡನೆಯವರು ನಮ್ಮ ಸಂಶೋಧನಾ ಕೇಂದ್ರದ ನಿರ್ದೇಶಕರು. ಅವರು ನಗಲಿಲ್ಲ. ಸಂದರ್ಶನದ ದಿನ ನನ್ನ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ, "ಪದವಿ ಪೂರ್ತಿ ಕನ್ನಡ ಮಾಧ್ಯಮ. ಇಲ್ಲಿ ಓದೋದು, ಬರೆಯೋದು, ಜಗಳ ಆಡೋದು ಎಲ್ಲ ಇಂಗ್ಲಿಷಿನಲ್ಲೇ. ಅರ್ಧಕ್ಕೆ ಬಿಟ್ಟು ಹೋಗ್ತೀಯ, ನಮ್ಮದೊಂದು ಸೀಟು ಹಾಳು. ಬೇಕಾದರೆ ಬರೆದುಕೊಡ್ತೀನಿ" ಎಂದರು. ಪ್ರವೇಶ ಪರೀಕ್ಷೆಯಲ್ಲಿ ನಾನು ಎರಡನೆಯವನಾಗಿ ಬಂದಿದ್ದೆ. ಕೊಡದೆ ವಿಧಿಯಿರಲಿಲ್ಲ, ಕೊಟ್ಟರು.

ಅಪ್ಪ ಗಾರೆ ಕೆಲಸದವನು. ಅವ್ವ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ನಮ್ಮ ಮನೆಯಲ್ಲಷ್ಟೇ ಅಲ್ಲ, ನಮ್ಮ ಕೇರಿಯಲ್ಲೇ ನನಗಿಂತ ಮೊದಲು ಪದವಿಯ ಬಾಗಿಲು ದಾಟಿದವರು ಇರಲಿಲ್ಲ. ಇಂಗ್ಲಿಷನ್ನು ನಾನು ಕಲಿತದ್ದು ಮೇಷ್ಟರುಗಳಿಂದಲ್ಲ. ಮಧುಗಿರಿಯಿಂದ ಕೊರಟಗೆರೆ ಮೇಲೆ ಹೋಗುವ ಖಾಸಗಿ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿ ಕೂತು, ಒಂದೊಂದು ಪುಟವನ್ನೂ ಐದೈದು ಸಲ ಓದಿ ಕಲಿತೆ. ಅದರಲ್ಲಿ ಯಾರ ಉಪಕಾರವೂ ಇಲ್ಲ. ಹಾಗಾಗಿ ಈ ಇಂಗ್ಲಿಷಿನಿಂದ ನಾನು ಮಾಡಿದ್ದಕ್ಕೆ ಯಾರನ್ನೂ ದೂರುವ ಹಾಗೂ ಇಲ್ಲ.

ಅಂತರರಾಷ್ಟ್ರೀಯ ವ್ಯವಹಾರಗಳ ಸಂಶೋಧನಾ ಕೇಂದ್ರ ಎಂದರೆ ದೊಡ್ಡ ನಕ್ಷೆಗಳ ಮುಂದೆ ನಿಂತು ಯುದ್ಧ, ಶಾಂತಿ ಮಾತಾಡುವ ಜಾಗ ಎಂದುಕೊಂಡಿದ್ದೆ. ನಕ್ಷೆ ಇತ್ತು, ಅದರ ಮುಂದೆ ನಿಲ್ಲುವವರು ಬೇರೆ ಇದ್ದರು. ನಾನು ಮೊದಲ ಎರಡು ವರ್ಷ ಮಾಡಿದ್ದು ಮೇಜಿನ ಮೇಲಿಡುವ ಪುಟ್ಟ ಬಾವುಟಗಳ ಕೆಲಸ. ದುಂಡು ಮೇಜಿನ ಸಭೆಗೆ ಯಾವ ದೇಶದವರು ಬರುತ್ತಾರೋ ಆ ದೇಶದ ಬಾವುಟ ಪೆಟ್ಟಿಗೆಯಿಂದ ತೆಗೆದು, ಇಸ್ತ್ರಿ ಮಾಡಿಸಿ, ಕೋಲಿಗೆ ಸಿಕ್ಕಿಸಿ, ಅವರವರ ಹೆಸರಿನ ಫಲಕದ ಪಕ್ಕ ಇಡಬೇಕು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ನಿರ್ದೇಶಕರು ಎಲ್ಲರೆದುರಿಗೇ ಬಯ್ಯುತ್ತಿದ್ದರು. ಸಭೆ ನಡೆಯುವಾಗ ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಯಾರು ಏನು ಹೇಳಿದರು ಎಂದು ಬರೆದುಕೊಳ್ಳಬೇಕು. ಆಮೇಲೆ ಅದು 'ನೀತಿ ಟಿಪ್ಪಣಿ' ಎಂಬ ಹೆಸರಿನಲ್ಲಿ ನಿರ್ದೇಶಕರ ಸಹಿಯೊಂದಿಗೆ ದೆಹಲಿಗೆ ಹೋಗುತ್ತಿತ್ತು.

ನನ್ನ ಜೊತೆಯವರು ಚೀನಾದ ಗಡಿ, ಪಶ್ಚಿಮ ಏಷ್ಯಾದ ತೈಲ ಎಂದೆಲ್ಲ ವಿಷಯ ಹಿಡಿದರು. ನಾನು ಪಾವಗಡದ ಸೋಲಾರ್ ಪಾರ್ಕ್ ಹಿಡಿದೆ. ಹೊರದೇಶದ ಸೌರ ಹಲಗೆ, ಹೊರದೇಶದ ಬಂಡವಾಳ, ಹವಾಮಾನದ ಬಗ್ಗೆ ದೇಶದೇಶಗಳು ಎಲ್ಲೋ ಕೂತು ಮಾಡಿಕೊಂಡ ಒಪ್ಪಂದ, ಇವೆಲ್ಲ ಕೊನೆಗೆ ಬಂದು ಇಳಿದದ್ದು ನಮ್ಮತ್ತೆಯ ಊರು ವಳ್ಳೂರಿನ ಸುತ್ತಮುತ್ತ. ಇದಕ್ಕಿಂತ ಅಂತರರಾಷ್ಟ್ರೀಯವಾದದ್ದು ಯಾವುದಿದೆ? ನನ್ನ ಮಾರ್ಗದರ್ಶಕರೂ ಆಗಿದ್ದ ನಿರ್ದೇಶಕರು ಒಪ್ಪಲಿಲ್ಲ. "ಇದು ಗ್ರಾಮೀಣಾಭಿವೃದ್ಧಿ ವಿಭಾಗದವರ ಕೆಲಸ. ನಮ್ಮ ಕೇಂದ್ರದ ಮಟ್ಟ ಇಳಿಸಬೇಡ" ಎಂದು ವಿಷಯದ ಅನುಮೋದನೆಯ ಕಾಗದವನ್ನು ತಮ್ಮ ಮೇಜಿನ ಮೇಲೇ ಇಟ್ಟುಕೊಂಡರು. ಆ ಕಾಗದಕ್ಕೆ ಸಹಿ ಬೀಳದೆ ನನ್ನ ಪಿಎಚ್‌.ಡಿ. ಮುಂದಕ್ಕೆ ಹೋಗುವಂತಿರಲಿಲ್ಲ.

ಸಹಿಗೆ ಕಾಯುತ್ತಲೇ ವಳ್ಳೂರಿಗೆ ಹೋಗಿ ಕೆಲಸ ಶುರುಮಾಡಿದೆ. ಅತ್ತೆ ಅಪ್ಪನ ಅಕ್ಕ. ಗಂಡ ತೀರಿಹೋಗಿದ್ದಾನೆ, ಮಗಳು ಮದುವೆಯಾಗಿ ಹಿಂದೂಪುರದ ಕಡೆ ಇದ್ದಾಳೆ. ಗೋಡೆಯ ಮೇಲೆ ಒಂದು ಬುದ್ಧನ ಪಟ, ಅದರ ಕೆಳಗೆ ನನ್ನ ಹಾಸಿಗೆ. ಮೊದಲ ವಾರ ಕೇಂದ್ರದವರು ಕೊಟ್ಟಿದ್ದ ಪ್ರಶ್ನಾವಳಿ ಮತ್ತು ಒಪ್ಪಿಗೆ ಪತ್ರ ಹಿಡಿದು ಮನೆಮನೆಗೆ ಹೋದೆ. ಹೆಂಗಸರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಹೊಲ ಗುತ್ತಿಗೆಗೆ ಹಿಡಿಯಲು ಸೋಲಾರ್ ಕಂಪನಿ ಬಂದಾಗ ಊರಿನವರು ಎಷ್ಟೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದನ್ನು ಕಂಡವರು ಅವರು. ಮತ್ತೊಂದು ಕಾಗದ ಎಂದರೆ ಯಾರು ಮುಟ್ಟುತ್ತಾರೆ?

ಅತ್ತೆಗೆ ನನ್ನ ಪಾಡು ನೋಡಿ ನಗು. "ಪೆನ್ನು ಹಿಡ್ಕೊಂಡು ನಿಂತ್ಕೊಂಡ್ರೆ ಪೊಲೀಸ್ನೋನ ಅಂಗೆ ಕಾಣ್ತೀಯ ಕಣ್ಲಾ. ಅದನ್ನ ಒಳಗಿಟ್ಟು ಬಾ" ಎಂದಳು. ಅವಳ ಜಗಲಿಯಲ್ಲಿ ಮಧ್ಯಾಹ್ನ ಏಳೆಂಟು ಹೆಂಗಸರು ಸೇರಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಾವಗಡದ ವ್ಯಾಪಾರಿ ಮೂಟೆ ಇಳಿಸಿ ಹೋಗುತ್ತಾನೆ, ಬಿಡಿಸಿಕೊಟ್ಟರೆ ಕೂಲಿ. ಕೈಗೊಂದು ಕಲ್ಲು ಕೊಟ್ಟು ನನ್ನನ್ನೂ ಅಲ್ಲಿ ಕೂರಿಸಿದಳು.

"ಯಾರು ಇವ್ನು?" ಎಂದಳು ಒಬ್ಬ ಮುದುಕಿ.

"ಮಾ ಅಲ್ಲುಡು. ನನ್ನ ತಮ್ಮನ ಮಗ. ದೊಡ್ಡ ಓದು ಓದ್ತಾವ್ನೆ."

"ಬೀಜ ಬಿಡ್ಸೋದು ಎಷ್ಟು ವರ್ಷದ ಓದು?"

ಜಗಲಿ ತುಂಬ ನಗು. ಮೂರನೆಯ ದಿನಕ್ಕೆ ನಾನು ಅಲ್ಲಿದ್ದೇನೆ ಎಂಬುದನ್ನೇ ಮರೆತು ಮಾತಾಡತೊಡಗಿದರು. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ಸಂಜೆ ಕೈ ತೊಳೆದುಕೊಂಡು ನೆನಪಿನಿಂದ ಬರೆಯುತ್ತಿದ್ದೆ, ಬೆರಳ ಅಂಟು ಪುಸ್ತಕಕ್ಕೆ ಹತ್ತುತ್ತಿತ್ತು. ಎರಡು ಬೇಸಿಗೆ ಹೀಗೇ ಕಳೆದವು. ಈಗಲೂ ಹೇಳುತ್ತೇನೆ, ನಮ್ಮ ಕೇಂದ್ರದಲ್ಲಿ ಯಾರೂ ಅಷ್ಟು ಗಟ್ಟಿಯಾದ ಕೆಲಸ ಮಾಡಿರಲಿಲ್ಲ.

ಆಮೇಲೆ ಗಾಳಿ ತಿರುಗಿತು. ಯೂರೋಪಿನ ಒಂದು ವಿಶ್ವವಿದ್ಯಾಲಯದವರು ಸೌರಶಕ್ತಿಯ ಬಗ್ಗೆ ಜಂಟಿ ವರದಿ ಮಾಡೋಣ ಎಂದು ಪತ್ರ ಬರೆದರು. ಬಂದು ಪಾವಗಡ ನೋಡುತ್ತೇವೆ ಎಂದರು. ನಮ್ಮ ಮಟ್ಟ ಇಳಿಸುತ್ತಿದ್ದ ವಿಷಯ ಒಂದೇ ವಾರದಲ್ಲಿ ಕೇಂದ್ರದ ಮುಖ್ಯ ಯೋಜನೆ ಆಯಿತು. ಆ ಕಡೆಯ ತೆಲುಗು ಬೆರೆತ ಕನ್ನಡ ಬರುವವನು ಕೇಂದ್ರದಲ್ಲಿ ನಾನೊಬ್ಬನೇ. ನಿರ್ದೇಶಕರು ಮೊದಲ ಸಲ ನನ್ನನ್ನು ಕೂರಿಸಿ ಮಾತಾಡಿದರು. ಅನುವಾದಕ ನೀನೇ ಎಂದರು.

ಹೋಗುವ ದಿನ ಅವರ ಕಾರಿನಲ್ಲಿ ಮುಂದಿನ ಸೀಟು ನನಗೆ. ಅತಿಥಿಗಳು ಇನ್ನೊಂದು ಗಾಡಿಯಲ್ಲಿದ್ದರು. ಪಾವಗಡ ದಾಟಿದ ಮೇಲೆ ನಿರ್ದೇಶಕರು ಹಿಂದಿನಿಂದ ಹೇಳಿದರು. "ನೋಡಪ್ಪ, ಚೊಕ್ಕವಾಗಿ ಅನುವಾದ ಮಾಡು. ಹಳ್ಳಿಯವರು ದೂರು ಶುರು ಮಾಡಿದರೆ ನಿಲ್ಲಿಸಲ್ಲ. ಅವರು ಹತ್ತು ಮಾತು ಹೇಳಿದರೆ ನೀನು ಒಂದು ಹೇಳು. ಒಳ್ಳೆಯದು ಹೇಳು. ಇದು ಎರಡು ದೇಶದ ಸಂಬಂಧದ ವಿಷಯ." ಆಮೇಲೆ, "ನಿನ್ನ ಅನುಮೋದನೆ ಕಾಗದ ನೋಡಿದೀನಿ. ವಾಪಸ್ ಹೋದಮೇಲೆ ಸಹಿ ಮಾಡೋಣ" ಎಂದರು. ಬಿಡಿಸಿ ಹೇಳಬೇಕಾದದ್ದು ಏನೂ ಉಳಿಯಲಿಲ್ಲ.

ಸಭೆ ಶಾಲೆಯ ಅಂಗಳದಲ್ಲಿ. ಪಹಣಿಯಲ್ಲಿ ಹೆಸರಿದ್ದು ಹೊಲವನ್ನು ಗುತ್ತಿಗೆಗೆ ಕೊಟ್ಟವರಿಗೆ ಮಾತ್ರ ಕರೆ ಹೋಗಿತ್ತು. ನಮ್ಮ ಕೇಂದ್ರದ ಪದ್ಧತಿಯೇ ಹಾಗೆ. ದಾಖಲೆಯಲ್ಲಿ ಇರುವವರು ಮಾತ್ರ 'ಬಾಧಿತರು'. ಅವರಿಗೆ ಕುರ್ಚಿ ಹಾಕಿದ್ದೆವು, ಅವರು ಬಾಡಿಗೆ ಸರಿಯಾಗಿ ಬರುತ್ತಿದೆ, ರಸ್ತೆ ಆಯಿತು ಎಂದು ಹೇಳಿದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಅನುವಾದಿಸಿದೆ. ಅಷ್ಟರಲ್ಲಿ ಅತ್ತೆ ಬಂದು ಮರದ ಕೆಳಗೆ ನೆಲದ ಮೇಲೆ ಕೂತಳು. ಅವಳಿಗೆ ಯಾರೂ ಹೇಳಿಕಳಿಸಿರಲಿಲ್ಲ. ಅಳಿಯ ಮಾತಾಡುತ್ತಾನಂತೆ, ಕೇಳೋಣ ಎಂದು ಬಂದಿದ್ದಳು. ಜಗಲಿಯ ಹೆಂಗಸರೂ ಹಿಂದೆ ಬಂದಿದ್ದರು.

ಅತಿಥಿಗಳಲ್ಲಿ ನರೆಗೂದಲಿನ ಒಬ್ಬ ಪ್ರಾಧ್ಯಾಪಕಿ ಇದ್ದರು. ಹೆಂಗಸರು ಯಾರಾದರೂ ಮಾತಾಡುತ್ತಾರಾ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದಳು. ನನ್ನ ಕಡೆ ನೋಡಲಿಲ್ಲ, ಆ ಹೆಂಗಸನ್ನೇ ನೋಡಿ ಹೇಳಿದಳು. ಅವಳು ಹೇಳಿದ್ದು ಇಷ್ಟು.

"ಅಮ್ಮಾ, ನಂಗೆ ಹೊಲ ಇಲ್ಲ. ಇದ್ದೋರ ಹೊಲದಾಗೆ ಕಳೆ ಕಿತ್ತೆ, ಕಡ್ಲೆಕಾಯಿ ಬಿಡ್ಸಿದೆ, ನನ್ನ ಮದ್ವೆ ಆದಾಗಿಂದ. ಹೊಲ ಇದ್ದೋರು ಕಂಪ್ನಿಗೆ ಬರ್ಕೊಟ್ರು, ಅವ್ರಿಗೆ ಬಾಡಿಗೆ ಬತ್ತೈತೆ. ಬರ್ಲಿ, ಅವ್ರ ಹೊಲ. ನನ್ನ ಕೈಗೆ ಯಾರು ಬಾಡಿಗೆ ಕೊಡ್ತಾರೆ? ನಾಲ್ಕು ಕುರಿ ಇದ್ವು. ಮೇಯ್ಸೋ ಜಾಗಕ್ಕೆಲ್ಲ ಬೇಲಿ ಬಿತ್ತು, ಮಾರ್ಬುಟ್ಟೆ. ಹಲಗೆ ತೊಳೆಯೋಕೆ, ಹುಲ್ಲು ಕೊಯ್ಯೋಕೆ ಹೆಣ್ಣಾಳು ಕರೀತಾರೆ. ಹೋದ್ರೆ, ನಿಂಗೆ ವಯಸ್ಸಾಯ್ತು ಹೋಗಮ್ಮ ಅಂತಾರೆ. ನನ್ನ ವಯಸ್ಸಿನೋರು ಇಲ್ಲಿ ಹತ್ತು ಜನ ಕೂತವ್ರೆ ನೋಡಿ. ಏಂ ಚೇಯಾಲಿ ಮೇಮು? ಏನ್ ಮಾಡ್ಬೇಕು ನಾವು? ನಾನು ಬೇಡ್ತಾ ಇಲ್ಲ ತಾಯಿ, ಕೇಳ್ತಾ ಇದ್ದೀನಿ. ನಿಮ್ಮೂರಾಗೂ ಹೊಲ ಇಲ್ದೋರು ಇರ್ತಾರಲ್ಲ, ಅಲ್ಲಿ ಇಂಗೆ ಮಾಡ್ದಾಗ ಅವ್ರಿಗೆ ಏನ್ ದಾರಿ ಮಾಡಿದ್ರಿ? ಅದೊಂದು ಹೇಳಿ ಹೋಗಿ."

ನಮ್ಮ ಕೇಂದ್ರದ ದುಂಡು ಮೇಜಿನಲ್ಲಿ ಎಷ್ಟೋ ರಾಯಭಾರಿಗಳು ಮಾತಾಡಿದ್ದನ್ನು ನಾನು ಬರೆದುಕೊಂಡಿದ್ದೇನೆ. ಒಂದು ದೇಶದವರು ಇನ್ನೊಂದು ದೇಶದವರನ್ನು ಕೇಳಬೇಕಾದ ಪ್ರಶ್ನೆಯನ್ನು ಅಷ್ಟು ನೇರವಾಗಿ ಕೇಳಿದವರು ಅವರಲ್ಲಿ ಒಬ್ಬರೂ ಇಲ್ಲ.

ನಿರ್ದೇಶಕರು ಗಡಿಯಾರ ನೋಡಿಕೊಂಡರು. ನಾನು ಆ ಪ್ರಾಧ್ಯಾಪಕಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ. ಊರಿಗೆ ರಸ್ತೆ, ಬೆಳಕು ಬಂದಿದ್ದಕ್ಕೆ ಈ ತಾಯಿಗೆ ಸಂತೋಷವಿದೆ, ಹೆಂಗಸರಿಗೆ ಇನ್ನಷ್ಟು ಕೆಲಸ ಸಿಕ್ಕರೆ ಒಳ್ಳೆಯದು ಅನ್ನುತ್ತಾರೆ. ಅಷ್ಟೇ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ಆಕೆ ಮುಖ ಅರಳಿಸಿ, ಬಂದು ಅತ್ತೆಯ ಎರಡೂ ಕೈ ಹಿಡಿದು ಏನೋ ಹೇಳಿದರು. ನಿಮ್ಮಂಥವರ ಸಹಕಾರದಿಂದಲೇ ಇದೆಲ್ಲ ಸಾಧ್ಯವಾಯಿತು ಎಂಬ ಅರ್ಥದ ಮಾತು.

"ಏನಂದ್ಲು ಆಯಮ್ಮ?" ಅತ್ತೆ ನನ್ನನ್ನು ಕೇಳಿದಳು.

"ವಿಚಾರ ಮಾಡ್ತೀನಿ ಅಂದ್ರು ಅತ್ತೆ."

ಹೀಗೆ ಎರಡು ಕಡೆಗೂ ಸುಳ್ಳು ಹೇಳಿ ಅಂದಿನ ಕೆಲಸ ಮುಗಿಸಿದೆ. ಅತಿಥಿಗಳು ಹೊರಟರು. ನನ್ನ ಪುಸ್ತಕಗಳು ಅತ್ತೆಯ ಮನೆಯಲ್ಲಿದ್ದವು, ತೆಗೆದುಕೊಂಡು ಬಸ್ಸಿಗೆ ಬರುತ್ತೇನೆಂದು ಹೇಳಿ ಉಳಿದುಕೊಂಡೆ. ಅತ್ತೆ ಜಗಲಿಯಲ್ಲಿ ಮೂಟೆ ಬಿಚ್ಚಿ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

"ನಾನು ಅಷ್ಟುದ್ದ ಹೇಳ್ದೆ. ನೀನು ಇಷ್ಟೇ ಇಷ್ಟು ಹೇಳ್ದೆ. ಇಂಗ್ಲಿಷು ಅಷ್ಟು ಚಿಕ್ಕದೇನ್ಲಾ?"

"ಅದ್ರಾಗೆ ಅಂಗೇ ಅತ್ತೆ, ಚಿಕ್ಕದಾಗೇ ಹೇಳೋದು."

"ಹೂಂ" ಎಂದಳು. ಕಲ್ಲು ಎತ್ತಿ ಹಣ್ಣಿನ ಮೇಲೆ ಕುಟ್ಟಿದಳು. ನಾನು ಪುಸ್ತಕ ಚೀಲಕ್ಕೆ ತುಂಬಿಕೊಂಡು ಬಸ್ಸು ಹಿಡಿದೆ. ಮಾರನೆಯ ದಿನ ನನ್ನ ಕಾಗದಕ್ಕೆ ಸಹಿ ಬಿತ್ತು.

ಮಾಡಿದ್ದನ್ನು ಸರಿಮಾಡಬಹುದು ಎಂದು ನಂಬಿದ್ದೆ. ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಪೂರ್ತಿ ಜಗಲಿಯ ಹೆಂಗಸರಿಗೇ ಇಟ್ಟೆ. ಅತ್ತೆ ಆವತ್ತು ಆಡಿದ ಮಾತು ಅಕ್ಷರಕ್ಕೆ ಅಕ್ಷರ ಅದರಲ್ಲಿತ್ತು, ಕೇಳಿದ ಪ್ರಶ್ನೆಯೂ ಇತ್ತು. ಆ ಅಧ್ಯಾಯಕ್ಕೆ ಒಂದು ವರ್ಷ ಹಿಡಿಯಿತು. ಆಗ ಶಿರಾದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ, ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಬರವಣಿಗೆ. ನಾನು ಬರೆದದ್ದರಲ್ಲಿ ಓದಬೇಕಾದದ್ದು ಏನಾದರೂ ಇದ್ದರೆ ಅದು ಆ ಅಧ್ಯಾಯವೇ.

ಅದನ್ನು ಓದಿ ನಿರ್ದೇಶಕರು ಕರೆಸಿದರು. ಮೇಜಿನ ಮೇಲೆ ಎರಡು ಪುಸ್ತಕ ಇಟ್ಟುಕೊಂಡಿದ್ದರು. ಒಂದು ನನ್ನ ಕರಡು. ಇನ್ನೊಂದು ಆ ಹೊತ್ತಿಗೆ ಅಚ್ಚಾಗಿ ಬಂದಿದ್ದ ಜಂಟಿ ವರದಿ, ನುಣುಪು ಕಾಗದದ್ದು. ವರದಿಯ ಒಂದು ಪುಟ ತೆರೆದು ನನ್ನ ಕಡೆ ತಳ್ಳಿದರು. ಅಲ್ಲಿ ಅತ್ತೆಯ ಫೋಟೊ ಇತ್ತು. ಆ ಪ್ರಾಧ್ಯಾಪಕಿ ಅವಳ ಕೈ ಹಿಡಿದಿದ್ದರು. ಕೆಳಗೆ, ಸ್ಥಳೀಯ ಮಹಿಳೆ ಯೋಜನೆಯ ಬಗ್ಗೆ ಸಂತೋಷ ವ್ಯಕ್ತಪಡಿಸಿದರು ಎಂದು ನನ್ನದೇ ಇಂಗ್ಲಿಷು. ಅನುವಾದ ಎಂದು ನನ್ನ ಹೆಸರು. ಆರು ವರ್ಷದಲ್ಲಿ ಕೇಂದ್ರದ ಪ್ರಕಟಣೆಯಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ.

"ಒಂದೇ ಹೆಂಗಸು. ಒಂದೇ ದಿನ. ಇಲ್ಲಿ ಸಂತೋಷ ಅಂತಾಳೆ, ನಿನ್ನ ಪ್ರಬಂಧದಲ್ಲಿ ಹೀಗಂತಾಳೆ" ಎಂದರು. "ಯಾವುದು ಸುಳ್ಳು?"

"ಆವತ್ತು ನೀವೇ ಕಾರಿನಲ್ಲಿ ಹೇಳಿದ್ರಿ ಸಾರ್."

"ನಾನು ಚೊಕ್ಕವಾಗಿ ಹೇಳು ಅಂದೆ. ಸುಳ್ಳು ಹೇಳು ಅಂದೆನಾ? ಯೋಚನೆ ಮಾಡು. ಪರೀಕ್ಷಕರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೋಗೋದು ಯಾರ ಮಾನ?"

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದೆ. ಸಿಗಲಿಲ್ಲ. ಸುಳ್ಳು ಅವರಿಗೆ ಬೇಕಾಗಿತ್ತು, ಹೇಳಿದ ಬಾಯಿ ನನ್ನದು. ಆಮೇಲೆ ಮೆತ್ತಗಾದರು. ನಾಲ್ಕನೆಯ ಅಧ್ಯಾಯ ತೆಗೆದುಬಿಡು, ಉಳಿದ ಐದು ಚೆನ್ನಾಗಿವೆ, ಈ ತಿಂಗಳೇ ಸಲ್ಲಿಸಬಹುದು ಎಂದರು. ಇಲ್ಲವಾದರೆ ಬೇರೆ ಮಾರ್ಗದರ್ಶಕರನ್ನು ಹುಡುಕಿಕೋ ಎಂದರು. ನನ್ನ ಅವಧಿ ಮುಗಿಯಲು ನಾಲ್ಕು ತಿಂಗಳಿತ್ತು. ಅಷ್ಟರಲ್ಲಿ ಹೊಸ ಮಾರ್ಗದರ್ಶಕರು ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಊರಿಗೆ ಹೋದೆ. ಅವ್ವನಿಗೆ ಹೇಳಿದೆ. ಅವ್ವ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಸಾರಿನ ಪಾತ್ರೆ ತಿಕ್ಕುತ್ತಿದ್ದಳು. ಅಧ್ಯಾಯ, ವರದಿ ಇದೆಲ್ಲ ಅವಳಿಗೆ ಅರ್ಥವಾಗುವುದಿಲ್ಲ ಎಂದುಕೊಂಡೇ ಹೇಳಿದ್ದೆ. ಪೂರ್ತಿ ಕೇಳಿದಳು. "ಅದನ್ನ ತೆಗುದ್ರೆ ಪಾಸ್ ಮಾಡ್ತಾರಾ?" ಎಂದಳು. ಹೌದು ಅಂದೆ. "ನಿಮ್ಮತ್ತೆನ ಕೇಳ್ದಾ?" ಎಂದಳು. ಇಲ್ಲ ಅಂದೆ. "ಮತ್ತೆ ನನ್ನೇನ್ ಕೇಳ್ತೀಯಾ?" ಎಂದು ಪಾತ್ರೆ ಬೋರಲು ಹಾಕಿದಳು.

ಅತ್ತೆಯನ್ನು ಕೇಳಲಿಲ್ಲ. ಕೇಳಿದರೆ ತೆಗಿ ಎನ್ನುತ್ತಾಳೆ, ಹಾಗೆ ಅನ್ನಿಸಿಕೊಂಡು ತೆಗೆಯುವುದು ಇನ್ನೂ ಹೇಸಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಬಹುಶಃ ಅದೂ ಸುಳ್ಳು. ಬೇಡ ತೆಗೀಬೇಡ ಎಂದರೆ ಏನು ಮಾಡುವುದು ಎಂಬ ಹೆದರಿಕೆ ಇತ್ತು. ಶಿರಾದ ಡಿಟಿಪಿ ಅಂಗಡಿಯಲ್ಲಿ ಕೂತು ನಾಲ್ಕನೆಯ ಅಧ್ಯಾಯ ತೆಗೆಸಿದೆ. ಐದು ನಾಲ್ಕಾಯಿತು, ಆರು ಐದಾಯಿತು. ಅಂಗಡಿಯ ಸಾಹೇಬರು ಪುಟಸಂಖ್ಯೆ ಸರಿಮಾಡುತ್ತ, "ಇಷ್ಟು ಮೆಹನತ್ ಮಾಡಿ ಬರೆದಿದ್ದೀರಿ, ಯಾಕೆ ತೆಗೀತೀರಿ ಸಾರ್?" ಎಂದರು. ಅದು ಬೇರೆ ವಿಷಯಕ್ಕೆ ಸೇರಿದ್ದು ಎಂದೆ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಒಂದು ಕೊರತೆ ಹೇಳಿದರು. ಭೂಮಿ ಇಲ್ಲದವರ ಬಗ್ಗೆ ಏನೂ ಇಲ್ಲವಲ್ಲ, ಅವರನ್ನು ಮಾತಾಡಿಸಲಿಲ್ಲವೇ ಎಂದರು. ನಿರ್ದೇಶಕರು ನನ್ನನ್ನು ನೋಡಲಿಲ್ಲ. ಅದು ಈ ಅಧ್ಯಯನದ ಮಿತಿ ಎಂದೆ. ಒಳ್ಳೆಯ ಪ್ರಾಮಾಣಿಕ ಉತ್ತರ ಎಂದು ಬರೆದುಕೊಂಡರು.

ಪ್ರಬಂಧ ಒಪ್ಪಿಗೆಯಾಯಿತು. ಘಟಿಕೋತ್ಸವದ ದಿನ ಅಪ್ಪ ಅವ್ವ ಹೊಸ ಬಟ್ಟೆ ಹಾಕಿಕೊಂಡು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ಹೆಸರು ಕರೆದಾಗ ಅಪ್ಪ ಎದ್ದು ನಿಂತನಂತೆ, ಪಕ್ಕದವರು ಎಳೆದು ಕೂರಿಸಿದರಂತೆ. ನನಗೆ ಹೆಮ್ಮೆ ಆಗಲಿಲ್ಲ ಎಂದು ಯಾರೂ ತಿಳಿಯಬಾರದು. ಆಯಿತು, ಬಹಳ ಆಯಿತು. ಬಸ್ಸಿನಲ್ಲಿ ಓದಿ ಕಲಿತ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದೆ, ಅದರ ಐದು ಅಧ್ಯಾಯ ಇವತ್ತಿಗೂ ಯಾರ ಮುಂದೆ ಬೇಕಾದರೂ ಇಡುತ್ತೇನೆ.

ಮುಂದಿನ ಭಾನುವಾರ ವಳ್ಳೂರಿಗೆ ಹೋದೆ. ಅತ್ತೆ ಹಿತ್ತಲಲ್ಲಿ ಸೌದೆ ಜೋಡಿಸುತ್ತಿದ್ದಳು. ಬಾ ಎಂದು ಕರೆದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನಾನು ಕೊಟ್ಟ ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಮುದ್ರೆಯ ಮೇಲೆ ಬೆರಳಾಡಿಸಿದಳು. ಅಷ್ಟು ಹೊತ್ತು ಅವಳ ಮುಖದಲ್ಲಿದ್ದ ಖುಷಿಯನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

"ಅತ್ತೆ, ಆವತ್ತು ನೀನು ಹೇಳಿದ್ದನ್ನ ನಾನು ಆಯಮ್ಮಂಗೆ ಹೇಳ್ಲಿಲ್ಲ. ಆಮೇಲೆ ಬರ್ದಿದ್ದೆ. ಅದನ್ನೂ ತೆಗ್ದಾಕ್ದೆ. ತೆಗ್ದಿದ್ದಕ್ಕೇ ಇದು ಸಿಕ್ಕಿದ್ದು."

ಅತ್ತೆ ಪ್ರಮಾಣಪತ್ರವನ್ನು ಮಡಿಕೆ ಬೀಳದ ಹಾಗೆ ಕವರಿನೊಳಗೆ ಹಾಕಿ ನನ್ನ ಕೈಗೆ ವಾಪಸ್ ಕೊಟ್ಟಳು.

"ಗೊತ್ತು ಬುಡು" ಎಂದಳು. "ಓದಿ ದೊಡ್ಡೋನಾದೆ, ನಂಗೂ ಸಂತೋಸಾನೇ. ಇದು ನಿಮ್ಮತ್ತೆ ಮನೆ, ಉಣ್ಣೋಕೆ ಯಾವಾಗ ಬೇಕಾದ್ರೂ ಬಾ. ನಮ್ಮ ಮಾತು ಕೇಳೋಕೆ ಮಾತ್ರ ಇನ್ನ ಬರ್ಬೇಡ ಕಣ್ಲಾ."